ಸ್ವರ ಇಳಿದ ಟಾಕೀಸು

ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಸ್ಟುಡಿಯೋದಲ್ಲಿ, ಟಾಕೀಸಿನಲ್ಲಿ, ಮನೆಯಲ್ಲಿ, ಎಲ್ಲರ ಬಾಯಲ್ಲೂ ಅವನು ಗುಂಗಣ್ಣ. ಯಾವ ಕೋಣೆಗೆ ಕಾಲಿಟ್ಟರೂ ಅದರ ನಡುವೆ ನಿಂತು, ಬಾಯಿ ಮುಚ್ಚಿಕೊಂಡು, ಎದೆಯೊಳಗಿಂದ ‘ಗುಂಯ್’ ಎಂದು ದನಿ ಎಳೆಯುವುದು ಅವನ ಚಾಳಿ. ದನಿಯನ್ನು ಮೆಲ್ಲಗೆ ಏರಿಸುತ್ತ, ಇಳಿಸುತ್ತ, ಕತ್ತಲಲ್ಲಿ ಬಿದ್ದ ಚಪ್ಪಲಿಗೆ ಕಾಲಾಡಿಸುವವನ ಹಾಗೆ ತಡಕಾಡುತ್ತಿದ್ದ. ಒಮ್ಮೆ ಡಾಕ್ಟರ ಕೋಣೆಯಲ್ಲೂ ಹೀಗೇ ಮಾಡಿ, “ಎಲ್ಲಿ ನೋವು, ಹೊಟ್ಟೇಲಾ?” ಎಂದು ಕೇಳಿಸಿಕೊಂಡು ಬಂದಿದ್ದ.

ಅದು ಹುಚ್ಚಲ್ಲ, ಕಸುಬು. ಖಾಲಿ ಕೊಡದ ಬಾಯಿಗೆ ಬಾಯಿಟ್ಟು ದನಿ ತೆಗೆದವರಿಗೆ ಗೊತ್ತು, ಯಾವುದೋ ಒಂದು ಸ್ವರಕ್ಕೆ ಕೊಡ ತಾನೇ ಎದ್ದು ಹಾಡುತ್ತದೆ, ಮಿಕ್ಕ ಸ್ವರಕ್ಕೆಲ್ಲ ಸುಮ್ಮನಿರುತ್ತದೆ. ಟಾಕೀಸೂ ಹಾಗೆಯೇ. ನೆಲ, ಗೋಡೆ, ಸೂರು ಎಲ್ಲ ಸೇರಿ ಪ್ರತಿ ಟಾಕೀಸಿಗೂ ತನ್ನದೇ ಒಂದು ಸ್ವರ. ಗುಂಗಣ್ಣನ ದನಿ ಅದನ್ನು ಮುಟ್ಟಿದ ಗಳಿಗೆ, ಅವನು ಹಿಡಿದ ಕುರ್ಚಿಯ ಬೆನ್ನು ಅಂಗೈಯಡಿ ಜುಮ್ಮೆನ್ನುತ್ತಿತ್ತು. ಆಗ ದನಿ ನಿಲ್ಲಿಸಿ ಸೌಂಡ್ ಮಿಷನ್ನಿನ ಹತ್ತಿರ ಹೋಗಿ, ಆ ಒಂದು ಸ್ವರವನ್ನು ಮಾತ್ರ ತಗ್ಗಿಸಿ, ಅದರ ಕತ್ತು ಹಿಸುಕಿ ಬರುತ್ತಿದ್ದ. ಹಿಸುಕದಿದ್ದರೆ ಮಾತೆಲ್ಲ ಕಲಸಿಹೋಗಿ, ನಾಯಕ ಅತ್ತರೆ ನೆಗಡಿಯಾದ ಹಾಗೆ ಕೇಳಿಸುತ್ತದೆ.

“ಅದು ಈ ಕಟ್ಟಡದ ಹೆಸರು ಕಣಯ್ಯ,” ಎನ್ನುತ್ತಿದ್ದ. “ಹೆಸರು ಹಿಡಿದು ಕರೀಬಾರದು. ಕರೆದ್ರೆ ಎದ್ದು ಬರುತ್ತೆ.”

ಹೀಗೆ ಹೇಳಿದವನೇ ಒಂದು ದಿನ ಕರೆದ.

ತಾಯಿ ಬೇಗ ಹೋದಳು. ಅಪ್ಪ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವನು. ಸಭೆ ಸಮಾರಂಭ ಎಂದು ಊರೂರು ತಿರುಗುತ್ತಿದ್ದವನು. ಗುಂಗಣ್ಣನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಅಕ್ಕ. ಆ ಅಕ್ಕನಿಗೆ ಚಿಕ್ಕಂದಿನಲ್ಲಿ ಬಂದ ಜ್ವರ ಎರಡೂ ಕಿವಿಯನ್ನು ಕಿತ್ತುಕೊಂಡು ಹೋಗಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು, ತಾನು ಮಾತ್ರ ಇಡೀ ಬೀದಿಗೆ ಕೇಳುವ ಹಾಗೆ ಮಾತಾಡುತ್ತಿದ್ದಳು. ಅಪ್ಪನ ಷೆಡ್ಡಿನಲ್ಲಿ ಸ್ಪೀಕರಿನ ಮೇಲೆ ಅಂಗೈ ಇಟ್ಟು, ಹಾಡು ಯಾವುದೆಂದು ಹೇಳುವುದು ಅವಳ ಆಟ. ಹೇಳಿದ್ದರಲ್ಲಿ ತಪ್ಪೇ ಹೆಚ್ಚು. ಆದರೂ ತಮ್ಮ “ಸರಿ, ಸರಿ” ಎಂದು ತಲೆಯಾಡಿಸುತ್ತಿದ್ದ. ಇಲ್ಲದಿದ್ದರೆ ತಲೆಗೊಂದು ಮೊಟಕುತ್ತಿದ್ದಳು.

ಅಕ್ಕನ ಮದುವೆಯಾಯಿತು. ಭಾವ ಒಂದು ಟಾಕೀಸಿನ ಮಾಲೀಕ. ಕಿವಿ ಕೇಳದವಳು ಟಾಕೀಸಿನ ಒಡತಿಯಾದಳು ಎಂದು ನೆಂಟರು ನಕ್ಕರು. ನಗಲಿ ಬಿಡಿ, ನಗುವುದಕ್ಕೆ ಅವರ ಗಂಟೇನು ಹೋಗುತ್ತದೆ! ಅವಳು ಪ್ರತಿದಿನ ಮಧ್ಯಾಹ್ನದ ಆಟಕ್ಕೆ ಬಂದು, ನಡುಸಾಲಿನ ಓಣಿ ಬದಿಯ ಕುರ್ಚಿಯಲ್ಲಿ ಚಪ್ಪಲಿ ಬಿಟ್ಟು, ಬರಿಗಾಲನ್ನು ನೆಲಕ್ಕೂರಿ ಕೂರುತ್ತಿದ್ದಳು. ಪರದೆಯ ಮೇಲಿನ ಬರೀ ಬೊಂಬೆ ನೋಡಿ ನೋಡಿ, ಕಥೆಯನ್ನು ತಾನೇ ಕಟ್ಟಿಕೊಂಡು ಏಳುತ್ತಿದ್ದಳು.

ಇತ್ತ ತಮ್ಮ ಸ್ಟುಡಿಯೋದಲ್ಲಿ ವೈರ್ ಎಳೆಯುವ ಕೆಲಸಕ್ಕೆ ಸೇರಿ, ಮೈಕ್ ಹಿಡಿದು, ಕಡೆಗೆ ರೆಕಾರ್ಡಿಂಗ್ ಕೋಣೆಯ ಗಾಜಿನ ಹಿಂದೆ ಕೂತ. ಅವನ ಬಾಗಿಲಿಗೆ ಸೌಂಡ್ ಎಂಜಿನಿಯರ್ ಎಂದು ಬೋರ್ಡು ಬಿತ್ತು. ಆ ಕಾಲದ ಟಾಕೀಸುಗಳ ಸೌಂಡು ಏನೆಂದು ಹೇಳುವುದು! ಪರದೆಯ ಹಿಂದೆ ಒಂದು ಸ್ಪೀಕರ್, ಮುಂದಿನ ಸಾಲಿನವನಿಗೆ ಕಿವಿ ಹರಿಯಬೇಕು, ಹಿಂದಿನ ಸಾಲಿನವನು ಪಕ್ಕದವನನ್ನು “ಏನಂದ? ಏನಂದ?” ಎಂದು ತಿವಿಯಬೇಕು. ಗುಂಗಣ್ಣ ಗುಜರಿಯಿಂದ ಹಳೇ ಹಾಸಿಗೆಗಳನ್ನು ತಂದು ಭಾವನ ಟಾಕೀಸಿನ ಗೋಡೆಗೆ ಬಡಿಸಿ, ಮೇಲೆ ಬಟ್ಟೆ ಹೊದಿಸಿದ. ಮಾತು ಮಾತಾಗಿ ಕೇಳಿಸಿತು. ಆಮೇಲೆ ಪಕ್ಕದ ಗೋಡೆಗಳಿಗೂ, ಬೆನ್ನ ಹಿಂದೂ ಸ್ಪೀಕರ್ ಹಾಕಿ, ಒಂದು ಚಿತ್ರದಲ್ಲಿ ಸೊಳ್ಳೆ ಬಿಟ್ಟ. ಪರದೆಯ ಮೇಲೆ ಒಬ್ಬ ಕೈದಿ ನಿದ್ದೆ ಬಾರದೆ ಹೊರಳುತ್ತಿದ್ದಾನೆ. ಸೊಳ್ಳೆ ಎಡಗೋಡೆಯಿಂದ ಹೊರಟು, ಬೆನ್ನ ಹಿಂದೆ ಸುತ್ತಿ, ಬಲಗಿವಿಗೆ ಬಂದು ಗುಂಯ್ ಎನ್ನುತ್ತದೆ. ಇಡೀ ಟಾಕೀಸು ಪಟಪಟ ಎಂದು ತನ್ನ ಕುತ್ತಿಗೆಗೆ ತಾನೇ ಹೊಡೆದುಕೊಂಡಿತು. ಪತ್ರಿಕೆಯವರು ಬರೆದರು, ಬೇರೆ ಊರಿನ ಎಂಜಿನಿಯರುಗಳು ಬಂದು ಗೋಡೆ ತಟ್ಟಿ ನೋಡಿ ಹೋದರು.

ಅಕ್ಕ ಮಾತ್ರ ಆಟ ಮುಗಿದ ಮೇಲೆ ಕೇಳಿದಳು: “ಏನೋ, ಜನ ಎಲ್ಲ ಯಾಕೋ ಹೊಡ್ಕೊಂಡ್ರು? ತಿಗಣೆ ಇದ್ಯಾ ಕುರ್ಚೀಲಿ?”

ಅವನು ನಕ್ಕ. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ. ಲೋಕಕ್ಕೆಲ್ಲ ಸೊಳ್ಳೆ ಕೇಳಿಸಿದವನು ಹೊತ್ತು ಬೆಳೆಸಿದವಳಿಗೆ ಒಂದು ಗುಡುಗನ್ನೂ ಕೇಳಿಸಲಾರದೆ ಹೋದೆನಲ್ಲ ಎಂದುಕೊಳ್ಳುತ್ತ ಕಾಗದ, ಪೆನ್ಸಿಲು ಹಿಡಿದು ಕೂತ.

ಗುಡುಗು ಪೆಟ್ಟಿಗೆ ಹುಟ್ಟಿದ್ದು ಅಲ್ಲಿಂದ. ಆಳೆತ್ತರದ ಮರದ ಪೆಟ್ಟಿಗೆ, ಒಳಗೆ ಮೊರದಗಲದ ಸ್ಪೀಕರುಗಳು. ಪರದೆಯ ಕೆಳಗೆ, ನೆಲಕ್ಕೆ ಬಿಗಿದು ಕೂರಿಸುವಂಥದ್ದು. ಚಿತ್ರದಲ್ಲಿ ಬೇಕಾದ ಜಾಗ ಬಂದಾಗ ಪೆಟ್ಟಿಗೆ ಎಚ್ಚರಗೊಂಡು, ಕಿವಿಗಿಂತ ಮೈಗೆ ಹೆಚ್ಚು ತಾಕುವ ತಗ್ಗಿನ ಸದ್ದು ಹೊರಡಿಸುತ್ತಿತ್ತು. ಆ ಸದ್ದಿನ ಸ್ವರ ಏರಿಸಿ ಇಳಿಸಲು ಮೇಲೆ ಪ್ರೊಜೆಕ್ಟರ್ ಕೋಣೆಯಲ್ಲೊಂದು ತಿರುಗುಗುಂಡಿ. ಆ ಗುಂಡಿಯನ್ನು ಗುಂಗಣ್ಣ ಟಾಕೀಸಿನ ಸ್ವರಕ್ಕೇ ತಂದು ನಿಲ್ಲಿಸಿದ. ಜನ್ಮವೆಲ್ಲ ಯಾವ ಸ್ವರದ ಕತ್ತು ಹಿಸುಕಿದ್ದನೋ ಅದನ್ನೇ ಬಿಚ್ಚಿಬಿಟ್ಟ. ಆಗ ಸದ್ದು ಪೆಟ್ಟಿಗೆಯದಾಗಿ ಉಳಿಯಲಿಲ್ಲ; ಕಟ್ಟಡವೇ ಬಾಯಿಬಿಟ್ಟ ಹಾಗಾಯಿತು.

ಅಣೆಕಟ್ಟು ಒಡೆಯುವ ಕಥೆಯ ಚಿತ್ರ ಅದು. ಮೊದಲ ದಿನ ಮಧ್ಯಾಹ್ನದ ಆಟದಲ್ಲಿ ಅವನು ಪರದೆ ನೋಡಲಿಲ್ಲ, ಅಕ್ಕನ ಕಾಲು ನೋಡುತ್ತ ಓಣಿಯಲ್ಲಿ ನಿಂತಿದ್ದ. ಅಣೆಕಟ್ಟು ನರಳಿತು. ಅಕ್ಕನ ಹೆಬ್ಬೆರಳು ನೆಟ್ಟಗಾಯಿತು. ಅವಳು ಎರಡೂ ಕೈಯಲ್ಲಿ ಕುರ್ಚಿ ಹಿಡಿದು, ಇಡೀ ಟಾಕೀಸಿಗೆ ಕೇಳುವಂತೆ ಕೂಗಿದಳು: “ಕೇಳಿಸ್ತು ಕಣೋ! ನನಗೆ ಕೇಳಿಸ್ತು!”

ಹಿಂದಿನ ಸಾಲಿನವನೊಬ್ಬ, “ಅಮ್ಮಾ, ನಿಮ್ಮದೂ ನಮಗೆ ಕೇಳಿಸ್ತು, ಕೂತ್ಕೊಳ್ಳಿ,” ಎಂದ. ಗುಂಗಣ್ಣ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಚಿತ್ರ ಓಡಿತು ಎಂದರೆ ಸಾಲದು, ಜನ ಅದರ ಮೇಲೆ ಬಿದ್ದರು. ‘ಕೂತ ಕುರ್ಚಿ ನಡುಗುವ ಚಿತ್ರ’ ಎಂದು ಭಾವ ಗೋಡೆಗೋಡೆಗೆ ಅಂಟಿಸಿದ. ಬೇರೆ ಊರಿನ ಮಾಲೀಕರು ಸಾಲುಗಟ್ಟಿದರು. ಗುಂಗಣ್ಣ ಊರೂರು ಸುತ್ತಿ ಪೆಟ್ಟಿಗೆ ಕೂರಿಸಿದ, ಅಲ್ಲಿನ ಆಪರೇಟರುಗಳಿಗೆ ದನಿ ಎಳೆದು ಸ್ವರ ಹಿಡಿಯುವುದನ್ನು ಕಲಿಸಿದ. ಅವನಿಗೆ ಪುರುಸೊತ್ತಿಲ್ಲದ ಕಡೆ ಬಡಗಿಗಳು ನೋಡಿಕೊಂಡು ತಾವೇ ಪೆಟ್ಟಿಗೆ ಹೊಡೆದರು. ಹೆಮ್ಮೆಯಲ್ಲಿ ಅವನು ಅದನ್ನೂ ಬೇಡವೆನ್ನಲಿಲ್ಲ.

ಬಹಳ ದಿನದ ಮೇಲೆ ಊರಿಗೆ ಬಂದವನಿಗೆ ಅಕ್ಕ ತಟ್ಟೆಯಿಡುತ್ತ ಹೇಳಿದಳು: “ನಿನ್ನ ಗುಡುಗು ಈಗ ಇನ್ನೂ ಚೆನ್ನಾಗಿದೆ ಕಣೋ. ಮೊದಲು ಕಾಲಿಗೆ ಬರ್ತಿತ್ತು. ಈಗ ನೆತ್ತಿ ಮೇಲಿಂದ ಇಳಿಯುತ್ತೆ.”

ತುತ್ತು ಬಾಯಿಯ ಹತ್ತಿರ ನಿಂತಿತು. “ಮೇಲಿಂದಾನಾ?”

“ಹೂಂ. ಯಾರೋ ಮೇಲೆ ಮಂಚ ಎಳೆದ ಹಾಗೆ.”

ಪೆಟ್ಟಿಗೆ ಇರುವುದು ಕೆಳಗೆ, ನೆಲಕ್ಕೆ ಬಿಗಿದು. ಮೇಲಿರುವುದು ಸೂರು. ಅದೂ ಎಂಥ ಸೂರು! ಭಾವನ ತಂದೆ ಶೋಕಿಗೆ ಮಾಡಿಸಿದ್ದು. ಹೂಬಳ್ಳಿ ಕೆತ್ತಿದ ಗಾರೆಯ ದಪ್ಪ ಹಲಗೆಗಳು, ಒಂದೊಂದೂ ಬಾಗಿಲಗಲ. ಮೇಲಿನ ತೊಲೆಗಳಿಂದ ಕಬ್ಬಿಣದ ಸರಳು ಇಳಿಬಿಟ್ಟು, ತೊಲೆಯ ಮೇಲ್ಬದಿಗೆ ನಟ್ಟು ಬಿಗಿದು ಅವನ್ನು ತೂಗುಹಾಕಿದ್ದರು.

ಮರುದಿನ ಬೆಳಿಗ್ಗೆ, ಕಸ ಗುಡಿಸುವವರು ಹೊರಟ ಮೇಲೆ, ಗುಂಗಣ್ಣ ಖಾಲಿ ಟಾಕೀಸಿನ ನಡುವೆ ನಿಂತು ದನಿ ಎಳೆದ. ತನಗೆ ಬಾಯಿಪಾಠವಾಗಿದ್ದ ಸ್ವರಕ್ಕೆ ಕಟ್ಟಡ ಮಿಸುಕಲಿಲ್ಲ. ದನಿ ಇಳಿಸಿದ. ಇಲ್ಲ. ಇನ್ನೂ ಇಳಿಸಿದ. ಎದೆಯ ತಳಕ್ಕೆ, ಉಸಿರು ಮುಗಿಯುವ ಹಂತಕ್ಕೆ ಬಂದಾಗ, ನೆತ್ತಿಯ ಮೇಲೆ ಏನೋ ‘ಹೂಂ’ ಎಂದಿತು. ಅವನು ಬಾಯಿ ಮುಚ್ಚಿದ ಮೇಲೂ ಅದು ಒಂದು ಗಳಿಗೆ ತಡೆದು ಸುಮ್ಮನಾಯಿತು.

ವೀಣೆಯ ತಂತಿ ಸಡಿಲಾದರೆ ಸ್ವರ ಇಳಿಯುತ್ತದೆ, ಸೂರು ಸಡಿಲಾದರೂ ಅಷ್ಟೆ. ಅದು ತಿಳಿಯಲು ಎಂಜಿನಿಯರ್ ಆಗಬೇಕಾಗಿಲ್ಲ.

ಮೇಲೆ ಪ್ರೊಜೆಕ್ಟರ್ ಕೋಣೆಗೆ ಓಡಿದ. ಅಲ್ಲಿದ್ದ ಹಳೇ ಆಪರೇಟರ್ ಇವನ ಓರಗೆಯವನು, ಪೆಟ್ಟಿಗೆಯ ಉಸ್ತುವಾರಿ ಅವನದೇ. ಗುಂಡಿಯ ಸುತ್ತ ಸೀಮೆಸುಣ್ಣದ ಗೆರೆಗಳಿದ್ದವು. ಮೊದಲ ಗೆರೆ ಗುಂಗಣ್ಣನದು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು, ಹೀಗೆ ಮೆಟ್ಟಿಲಿಳಿದ ಹಾಗೆ ಗೆರೆಗಳು.

“ಇದೇನಯ್ಯ ಇದು?”

“ಅದಾ?” ಆಪರೇಟರ್ ಹಲ್ಲು ಬಿಟ್ಟ. “ಗುಡುಗು ಸಪ್ಪೆಯಾಯ್ತು ಅಂತ ಜನ ಗೊಣಗಿದ್ರು ಗುಂಗಣ್ಣ. ನೀನೇ ಕಲಿಸಿದ್ಯಲ್ಲ, ಬೆಳಿಗ್ಗೆ ಹೋಗಿ ಗುಂಯ್ ಅಂದೆ. ಸ್ವರ ಸ್ವಲ್ಪ ಕೆಳಗೆ ಸಿಕ್ತು. ಅಲ್ಲಿಗೇ ತಿರುಗಿಸಿದೆ. ಆಮೇಲೆ ಮತ್ತೆ ಸಪ್ಪೆಯಾಯ್ತು, ಮತ್ತೆ ತಿರುಗಿಸಿದೆ. ಈಗ ನೋಡು ಹೇಗಿದೆ, ಮೊದಲಿಗಿಂತ ಜೋರು!”

ಗುಂಗಣ್ಣ ಗೆರೆಗಳನ್ನು ಒಂದೊಂದಾಗಿ ಎಣಿಸಿದ. ಏನೆಂದು ಬೈಯುವುದು? ಸ್ವರ ಜಾರಿದಾಗ ಪೆಟ್ಟಿಗೆ ತಾನಾಗಿ ಸಪ್ಪೆಯಾಗಿ ಕಟ್ಟಡ ಉಳಿದುಕೊಳ್ಳುತ್ತಿತ್ತು. ಜಾರಿದ ಸ್ವರವನ್ನು ಬೆನ್ನಟ್ಟಿ ಹಿಡಿಯುವುದನ್ನು ಕಲಿಸಿದ್ದು ಇವನೇ. ಕಲಿತವನು ಶ್ರದ್ಧೆಯಿಂದ, ಒಂದು ದಿನವೂ ತಪ್ಪಿಸದೆ, ಕೂಲಂಕಷವಾಗಿ ಅದನ್ನೇ ಮಾಡಿದ್ದ.

“ಇವತ್ತಿಂದ ಪೆಟ್ಟಿಗೆ ಹಾಕ್ಬೇಡ.”

“ಯಜಮಾನರನ್ನ ಕೇಳು ಮಾರಾಯ. ಗುಡುಗಿಲ್ಲ ಅಂದ್ರೆ ನನ್ನ ಚರ್ಮ ಸುಲಿದು ಪರದೆ ಕಟ್ತಾರೆ.”

ಭಾವ ಆಫೀಸಿನಲ್ಲಿ ಟೀ ಕುಡಿಯುತ್ತಿದ್ದ. ಒಳ್ಳೆಯವನೇ, ಆದರೆ ಟಾಕೀಸು ತುಂಬಿದಾಗ ಯಾರ ಮಾತೂ ಕಿವಿಗೆ ಹೋಗದ ಜಾತಿ. ಗುಂಗಣ್ಣ ಹೇಳಿದ್ದನ್ನೆಲ್ಲ ಕೇಳಿ, ಕಪ್ಪು ಕೆಳಗಿಟ್ಟ.

“ಬಿರುಕು ಬಿಟ್ಟಿದ್ಯಾ?”

“ಇಲ್ಲ.”

“ಮಣ್ಣು ಉದುರಿದ್ಯಾ?”

“ಇಲ್ಲ ಭಾವ. ಸ್ವರ ಇಳಿದಿದೆ.”

“ಸ್ವರ ಇಳಿದಿದ್ಯಂತೆ! ನೆಗಡಿಯಾಗಿದ್ಯಾ ನನ್ನ ಟಾಕೀಸಿಗೆ? ಬಿಸಿನೀರು ಕುಡಿಸೋಣ್ವಾ?”

“ಸೂರು ಬಿಚ್ಚಿಸಿ ನೋಡು. ಅಲ್ಲೀತನಕ ಬಾಗಿಲು ಹಾಕು.”

“ಹೊರಗೆ ಜನ ಗೇಟು ಮುರೀತಿದ್ದಾರೆ, ನಿನ್ನ ಗಂಟಲಿಗೆ ಏನೋ ಅನ್ನಿಸ್ತು ಅಂತ ನಾನು ಬಾಗಿಲು ಹಾಕ್ಬೇಕಾ? ನಿನ್ನದೇ ಪೆಟ್ಟಿಗೆ, ನಿನ್ನದೇ ಗುಡುಗು. ಹೊಗಳಿಸಿಕೊಳ್ಳೋವಾಗ ಚೆನ್ನಾಗಿತ್ತು, ಅಲ್ವಾ?”

ಸಿಟ್ಟು ಗುಂಗಣ್ಣನ ಮೂಗಿನ ತುದಿಯಲ್ಲೇ ಇರುವಂಥದ್ದು. “ಆ ಕುರ್ಚೀಲಿ ಕೂರೋದು ನಿನ್ನ ಹೆಂಡ್ತಿ, ನೆನಪಿರಲಿ!” ಎಂದು ಮೇಜಿಗೆ ಗುದ್ದಿದ. ಕಪ್ಪು ಉರುಳಿ ಟೀ ಭಾವನ ಬಿಳಿ ಅಂಗಿಯ ಮೇಲೆ ಹರಿಯಿತು. ಭಾವ ಎದ್ದು ಬಾಗಿಲು ತೋರಿಸಿ, ಗೇಟಿನವನನ್ನು ಕೂಗಿ ಹೇಳಿದ: “ಇವನನ್ನ ಒಳಗೆ ಬಿಟ್ರೆ ನೀನೂ ಹೊರಗೆ.”

ಗುಂಗಣ್ಣ ಅಕ್ಕನ ಮನೆಗೆ ಬಂದ. ಅವಳು ಮಧ್ಯಾಹ್ನದ ಆಟಕ್ಕೆ ತಲೆ ಬಾಚಿಕೊಳ್ಳುತ್ತಿದ್ದಳು. ಅವಳ ಮುಖ ತನ್ನ ಕಡೆ ತಿರುಗಿಸಿಕೊಂಡು, ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದ: “ಇವತ್ತು ಹೋಗ್ಬೇಡ. ಸೂರು ಸಡಿಲ ಆಗಿದೆ.”

ಅಕ್ಕ ಬಾಚಣಿಗೆ ಕೆಳಗಿಟ್ಟಳು. “ಇಷ್ಟು ವರ್ಷಕ್ಕೆ ಒಂದು ಸದ್ದು ಕೊಟ್ಟೆ,” ಎಂದಳು. ಇಡೀ ಬೀದಿಗೆ ಕೇಳಿಸಿರಬೇಕು. “ಈಗ ಅದನ್ನೂ ಕಿತ್ಕೊಳ್ತೀಯಾ? ನಿಮ್ಮ ಭಾವಮೈದುನರ ಜಗಳಾನ ನನ್ನ ತಲೆಗೆ ಕಟ್ಬೇಡ.” ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಮಧ್ಯಾಹ್ನದ ಆಟ ಶುರುವಾಯಿತು. ಗುಂಗಣ್ಣ ಟಾಕೀಸಿನ ಪಕ್ಕದ ಸಂದಿಯಲ್ಲಿ, ಗೋಡೆಗೆ ಕಿವಿ ಹಚ್ಚಿ ನಿಂತ. ಚಿತ್ರದ ಒಂದೊಂದು ಸದ್ದೂ ಅವನ ಕೈಯಲ್ಲಿ ಹುಟ್ಟಿದ್ದು. ಗೋಡೆಯಾಚೆ ಕಥೆ ಎಲ್ಲಿಗೆ ಬಂತೆಂದು ಕಣ್ಣು ಮುಚ್ಚಿ ಹೇಳಬಲ್ಲ. ಮದುವೆ ಮಾತುಕತೆ. ಜಗಳ. ಮಳೆ. ಮಳೆ ನಿಲ್ಲದಿದ್ದರೆ ಅಣೆಕಟ್ಟು. ಒಳಗೆ ಕಿಕ್ಕಿರಿದ ಜನ. ನಡುಸಾಲಿನಲ್ಲಿ ಕೂಗಿದರೂ ಕೇಳಿಸದವಳು ಒಬ್ಬಳು. ‘ಬೀಳ್ತಿದೆ, ಓಡಿ’ ಎಂದು ಊರೆಲ್ಲ ಅರಚಿದರೂ ಕಾಲೂರಿಕೊಂಡು ಕೂತೇ ಇರುವವಳು.

ಪೆಟ್ಟಿಗೆಯನ್ನು ಒಳಗೆ ಸಾಗಿಸಿದ ಹಿಂಬಾಗಿಲು ಆ ಸಂದಿಯಲ್ಲೇ ಇತ್ತು. ಅದರ ಚಿಲಕವನ್ನು ಹೊರಗಿನಿಂದ ಹೇಗೆ ಎತ್ತಬೇಕೆಂದು ಅವನಿಗೆ ಗೊತ್ತಿತ್ತು. ಒಳಗೆ ಪರದೆಯ ಬೆನ್ನು. ಆ ಕಡೆಯ ಬಣ್ಣಗಳು ತಿರುಗುಮುರುಗಾಗಿ ಅವನ ಮೈಮೇಲೆ ಓಡಾಡುತ್ತಿದ್ದವು. ಮಳೆ ಜೋರಾಯಿತು. ಪೆಟ್ಟಿಗೆ ಎಚ್ಚರವಾಗುವ ಮುಂಚಿನ ಸಣ್ಣ ‘ಜುಂಯ್’ ನಡುಕ ಅವನ ಮೊಣಕಾಲಿಗೆ ತಾಕಿತು. ಎರಡೂ ಕೈಯಲ್ಲಿ ವೈರು ಹಿಡಿದು, ಕಾಲನ್ನು ಪೆಟ್ಟಿಗೆಗೆ ಒತ್ತಿ, ಬುಡಸಮೇತ ಕಿತ್ತ.

ಪರದೆಯ ಮೇಲೆ ಅಣೆಕಟ್ಟು ಒಡೆಯಿತು. ಗುಡುಗಿಲ್ಲ. ಬಚ್ಚಲ ನೀರು ಹರಿದಷ್ಟು ಸದ್ದು.

ಜನ ಮೊದಲು ನಕ್ಕರು. ಆಮೇಲೆ ಸಿಳ್ಳೆ. ಆಮೇಲೆ ಯಾರೋ ಕಾಲು ಬಡಿಯಲು ಶುರು ಮಾಡಿದ. “ಸೌಂಡ್! ಸೌಂಡ್!” ಇಡೀ ಟಾಕೀಸು ಒಂದೇ ತಾಳಕ್ಕೆ ನೆಲ ಕುಟ್ಟತೊಡಗಿತು. ಸೂರು ನಡುಗಿಸಲು ಇಷ್ಟು ಕಾಲುಗಳೂ ಸಾಕು. ಇದೊಂದನ್ನು ಗುಂಗಣ್ಣ ಎಣಿಸಿರಲಿಲ್ಲ. ಪರದೆಯ ಅಂಚಿನಿಂದ ಹೊರಗೆ ನೆಗೆದು, ಎರಡೂ ಕೈಯೆತ್ತಿ ಕೂಗಿದ: “ಇವತ್ತು ಗುಡುಗು ಇಲ್ಲ! ಹೋಗಿ, ದುಡ್ಡು ವಾಪಸ್ ಇಸ್ಕೊಳ್ಳಿ! ತಡ ಮಾಡಿದವರಿಗೆ ಸಿಗಲ್ಲ!”

ಓಡಿ ಎಂದಿದ್ದರೆ ತುಳಿದಾಡಿ ಸಾಯುತ್ತಿದ್ದರು. ದುಡ್ಡು ಎಂದದ್ದಕ್ಕೆ ಬೈಯುತ್ತ, ಗೊಣಗುತ್ತ, ಸಾಲಾಗಿಯೇ ಎದ್ದು ಹೊರಗೆ ನಡೆದರು. ದೀಪ ಹತ್ತಿತು. ನಡುಸಾಲಿನಲ್ಲಿ ಅಕ್ಕ ಒಬ್ಬಳೇ, ಬರಿಗಾಲೂರಿ, ಅವನನ್ನೇ ನುಂಗುವಂತೆ ನೋಡುತ್ತ ಕೂತಿದ್ದಳು.

ಅವನು ಅವಳ ರಟ್ಟೆ ಹಿಡಿದು ಎಬ್ಬಿಸುವಷ್ಟರಲ್ಲಿ ಭಾವ ಬಂದು ಕೊರಳಪಟ್ಟಿಗೆ ಕೈಹಾಕಿದ. “ನನ್ನ ಮನೆ ಹಾಳು ಮಾಡೋಕೇ ಹುಟ್ಟಿದ್ಯಾ ನೀನು?”

“ಸುಮ್ನಿರಿ!” ಎಂದಳು ಅಕ್ಕ. ಅವಳು ಕಣ್ಣು ಮುಚ್ಚಿ, ಮುಂದಿನ ಕುರ್ಚಿಯ ಬೆನ್ನ ಮೇಲೆ ಅಂಗೈ ಇಟ್ಟಿದ್ದಳು. “ಪೆಟ್ಟಿಗೆ ನಿಂತಿದೆ ಅಲ್ವಾ? ಮತ್ತೆ ಇದೇನಿದು, ಇನ್ನೂ ಬರ್ತಾ ಇದೆ?”

ಆಗ ಅವರಿಗೂ ಕೇಳಿಸಿತು. ನೆತ್ತಿಯ ಮೇಲೆ, ನಿದ್ದೆಯಲ್ಲಿ ನರಳುವವರ ಹಾಗೆ, ಸಣ್ಣಗೆ, ಒಂದೇ ಸಮ. ಆಮೇಲೆ ಅಕ್ಕನ ಪಕ್ಕದ ಓಣಿಯಲ್ಲಿ ‘ಟಣ್’ ಎಂದಿತು. ಸೂರಿನ ಸಂದಿಯಿಂದ ಬಿದ್ದ ಕಬ್ಬಿಣದ ಒಂದು ನಟ್ಟು. ಇಳಿಜಾರು ನೆಲದಲ್ಲಿ ಉರುಳುತ್ತ ಉರುಳುತ್ತ ಹೋಗಿ, ಪರದೆಯ ಕಟ್ಟೆಗೆ ತಾಗಿ ನಿಂತಿತು.

ಭಾವನ ಕೈ ಕೊರಳಪಟ್ಟಿಯಿಂದ ತಾನಾಗಿ ಜಾರಿತು. ಮೂವರೂ ಗೋಡೆ ಬದಿ ಹಿಡಿದು, ಉಸಿರು ಬಿಗಿಹಿಡಿದು ಹೊರಗೆ ಬಂದರು.

ಮಾರನೆಯ ದಿನ ಸೂರಿನ ಮೇಲೆ ಹತ್ತಿದ ಬಡಗಿ ಇಳಿದು ಬಂದು, ನೀರು ಕೇಳಿ ಕುಡಿದು, ಆಮೇಲೆ ಬಾಯಿಬಿಟ್ಟ. ಬಹುಪಾಲು ಸರಳುಗಳಲ್ಲಿ ನಟ್ಟೇ ಇರಲಿಲ್ಲ. ಅಷ್ಟೂ ನಡುಗಿ ನಡುಗಿ ಬಿಚ್ಚಿಕೊಂಡು, ಗಾರೆ ಹಲಗೆಗಳ ಮೇಲೆ ಚೆಲ್ಲಾಡಿಕೊಂಡಿದ್ದವು. “ಹಲಗೆಗಳು ಒಂದನ್ನೊಂದು ಒತ್ಕೊಂಡು ನಿಂತಿವೆ ಸ್ವಾಮಿ,” ಎಂದ. “ಹಿಡ್ಕೊಂಡಿರೋದು ಯಾವುದೂ ಇಲ್ಲ.”

ಭಾವ ಟಾಕೀಸಿಗೆ ಬೀಗ ಹಾಕಿ, ಬೀಗದ ಕೈ ಹಿಡಿದುಕೊಂಡೇ ಮನೆಗೆ ಬಂದ. ಗುಂಗಣ್ಣ ಜಗಲಿಯಲ್ಲಿ ಕೂತಿದ್ದ. ಭಾವ ಕ್ಷಮಿಸು ಎನ್ನಲಿಲ್ಲ; ಆ ಮಾತು ಅವನ ಬಾಯಲ್ಲಿ ಬರುವಂಥದ್ದಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದ:

“ಇಂಥ ಪೆಟ್ಟಿಗೆ ಇನ್ನೂ ಎಷ್ಟು ಕಡೆ ಇದೆ?”

ಗುಂಗಣ್ಣ ಬೆರಳು ಮಡಚಲು ಹೋಗಿ ನಿಲ್ಲಿಸಿದ. ತಾನು ಕೂರಿಸಿದ್ದು ಗೊತ್ತು. ಬಡಗಿಗಳು ನೋಡಿ ಹೊಡೆದದ್ದು? ಅವರನ್ನು ನೋಡಿ ಇನ್ನೊಬ್ಬರು ಹೊಡೆದದ್ದು?

ಆ ಟಾಕೀಸುಗಳ ಮಾಲೀಕರಿಗೆ ಫೋನಿನಲ್ಲಿ ಹೇಳಿ ನೋಡಿದ. “ಹೊಟ್ಟೆಕಿಚ್ಚು” ಎಂದರು, “ನಮ್ಮದು ಗಟ್ಟಿ ಕಟ್ಟಡ” ಎಂದರು, ಒಬ್ಬ ಪುಣ್ಯಾತ್ಮ ಅವನಿಗೇ ಗುಂಯ್ ಎಂದು ಅಣಕಿಸಿ ಫೋನಿಟ್ಟ. ಭಾವ ಕಾರು ತೆಗೆದ. ಗುಂಗಣ್ಣ ಹತ್ತಿ ಕೂತ. ಅಕ್ಕ ಕೈಚೀಲ ಹಿಡಿದು ಬಂದು ಹಿಂದಿನ ಬಾಗಿಲು ತೆಗೆದಳು.

“ನೀನೆಲ್ಲಿಗೆ?” ಎಂದ ಭಾವ.

“ನಿಮ್ಮಿಬ್ಬರ ಕಿವಿ ನಂಬ್ಕೊಂಡು ಕೂತ್ರೆ ಆಯ್ತು,” ಎಂದಳು.

ಮೊದಲ ಊರಿನ ಟಾಕೀಸು ದೊಡ್ಡದು, ಹೊಸದಾಗಿ ಬಣ್ಣ ಹೊಡೆದದ್ದು. ಬೆಳಗಿನ ಆಟಕ್ಕೆ ಜನ ಆಗಲೇ ಸಾಲು ನಿಂತಿದ್ದರು, ಮಕ್ಕಳು ಮರಿ ಸಮೇತ. ಅಲ್ಲಿನ ಮಾಲೀಕ ಗುಂಗಣ್ಣನನ್ನು ಕಂಡು ಓಡಿಬಂದು ಕೈ ಹಿಡಿದುಕೊಂಡ.

“ಬನ್ನಿ ಬನ್ನಿ! ನಿಮ್ಮ ಪೆಟ್ಟಿಗೆ ನಮ್ಮ ಮನೆ ಬೆಳಗಿದೆ. ನಮ್ಮ ಆಪರೇಟರ್ ಭಾಳ ಜಾಣ, ಗುಡುಗು ಸಪ್ಪೆ ಆದಾಗೆಲ್ಲ ತಾನೇ ತಿರುಗಿಸಿ ಸರಿ ಮಾಡ್ಕೊಳ್ತಾನೆ!”

ಗುಂಗಣ್ಣ ಕೈ ಬಿಡಿಸಿಕೊಂಡ. ಖಾಲಿ ಟಾಕೀಸಿನ ನಡುವೆ ಹೋಗಿ ನಿಂತ. ಅಕ್ಕ ಪಕ್ಕದಲ್ಲಿ ಚಪ್ಪಲಿ ಬಿಟ್ಟು, ಎರಡೂ ಪಾದವನ್ನು ನೆಲಕ್ಕೂರಿ, ಶುರು ಮಾಡು ಎಂದು ಕಣ್ಣಲ್ಲೇ ಹೇಳಿದಳು. ಅವನು ಬಾಯಿ ಮುಚ್ಚಿಕೊಂಡು ದನಿ ತೆಗೆದ. ಇಳಿಸಿದ. ಮತ್ತೆ ಇಳಿಸಿದ. ಉಸಿರು ಮುಗಿಯುತ್ತ ಬಂತು.

ಅಕ್ಕ ಅವನ ಮುಖದಿಂದ ಕಣ್ಣು ಕಿತ್ತು, ನಿಧಾನವಾಗಿ ಕತ್ತೆತ್ತಿ ಮೇಲೆ ನೋಡಿದಳು. ಹೊರಗೆ ಬೆಳಗಿನ ಆಟಕ್ಕೆ ಗೇಟು ತೆರೆದ ಸದ್ದಾಯಿತು.